ಮನೆಮದ್ದು ಇಲ್ಲದ ಪುಟ

ಹೋದ ವಾರ ಕಲಬುರಗಿಗೆ ಹೊರಟಿದ್ದೆ. ಸೇಡಂನಲ್ಲಿ ಹತ್ತಿದ ಪ್ಯಾಸೆಂಜರ್ ಗಾಡಿ ವಾಡಿ ಜಂಕ್ಷನ್ನಿಗೆ ಬಂದು ನಿಂತದ್ದು ನಿಂತೇ ಬಿಟ್ಟಿತು. ವಾಡಿಯಲ್ಲಿ ಗಾಡಿ ನಿಲ್ಲುವುದು ಯಾರಿಗೂ ಹೊಸದಲ್ಲ, ಅದಕ್ಕೆ ಬಯ್ಯುವುದೂ ಹೊಸದಲ್ಲ. ನಾನೂ ಎಲ್ಲರ ಜೊತೆ ಒಂದಷ್ಟು ಬಯ್ದು ಕೆಳಗಿಳಿದು ನಿಂತೆ. ಅಷ್ಟರಲ್ಲಿ ವರ್ಷದ ಮೊದಲ ಮಳೆ ಬಂತು. ಪ್ಲಾಟ್‌ಫಾರ್ಮಿಗೆ ಹಾಸಿದ, ಬೇಸಗೆಯಿಡೀ ಕಾದ ಶಹಾಬಾದ ಪರಸಿ ಕಲ್ಲು, ಅದರ ಮೇಲೆ ಕೂತ ಸಿಮೆಂಟಿನ ಧೂಳು, ಎರಡರ ಮೇಲೂ ದಪ್ಪ ಹನಿ ಬಿದ್ದು ಸುಣ್ಣ ಅರಳಿಸುವಾಗ ಏಳುವಂಥ ವಾಸನೆ ಎದ್ದಿತು. ಮೊದಲ ಮಳೆಯ ವಾಸನೆ ಬೇರೆಯವರಿಗೆ ಹಿತವಾಗಿರುತ್ತದಂತೆ. ನನಗೆ ಮಾತ್ರ ಸಿಟ್ಟು ಬರುತ್ತದೆ. ಕೆಟ್ಟ ಸಿಟ್ಟಲ್ಲ, ಬೆನ್ನು ನೆಟ್ಟಗೆ ಮಾಡುವ ಸಿಟ್ಟು. ಇದೇ ವಾಡಿಯಲ್ಲಿ ನಾನು ಆ ಸಿಟ್ಟಿನ ಮೇಲೇ ಒಂದು ಇಡೀ ಮಳೆಗಾಲ ಕಳೆದಿದ್ದೇನೆ.

ಆ ವರ್ಷ ಬೇಸಗೆಯಲ್ಲಿ, ಚಿತ್ತಾಪುರದಲ್ಲಿ ನಾನು ಕನ್ನಡ ಕಲಿಸುತ್ತಿದ್ದ ಖಾಸಗಿ ಹೈಸ್ಕೂಲು ಬಾಗಿಲು ಹಾಕಿತು. ಮಕ್ಕಳು ಸಾಲಲಿಲ್ಲ ಎಂದರು. ಇನ್ನೊಂದು ಶಾಲೆ ಹುಡುಕುವ ವಯಸ್ಸು ನನ್ನದಲ್ಲ, ಮನೆಯಲ್ಲಿ ಸುಮ್ಮನೆ ಕೂಡುವ ಸ್ವಭಾವವೂ ನನ್ನದಲ್ಲ. ನಮ್ಮ ಮನೆಯವರು ಸೇಡಂನ ಕಚೇರಿಯೊಂದರಲ್ಲಿ ಗುಮಾಸ್ತರು. ನಾನು ದಿನವಿಡೀ ಮನೆಯಲ್ಲಿರುತ್ತೇನೆಂದು ಕೇಳಿ ಅವರಿಗೇ ನನಗಿಂತ ಹೆಚ್ಚು ಗಾಬರಿಯಾಗಿತ್ತು. ಆಗ ಫೋನು ಮಾಡಿದವನು ವೀರೇಶ, ನನ್ನ ಹಳೆಯ ವಿದ್ಯಾರ್ಥಿ. ಪ್ರಬಂಧ ಬರೆಯೆಂದರೆ ಪಕ್ಕದವನ ಹಾಳೆ ನೋಡುತ್ತಿದ್ದ ಹುಡುಗ, ಈಗ ವಾಡಿ ಸ್ಟೇಷನ್ನಿನ ಹಿಂದೆ ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ಬರೆಯುವುದನ್ನೇ ದಂಧೆ ಮಾಡಿಕೊಂಡಿದ್ದ.

"ಟೀಚರ್, ಹೈದರಾಬಾದಿನ ಕಂಪನೀದು ಒಂದು ಆರೋಗ್ಯದ ವೆಬ್‌ಸೈಟ್ ಅದ್ರಿ. ಅದಕ್ಕ ಕನ್ನಡದಾಗ ಪುಟ ಬರೀಬೇಕ್ರಿ. ನಿಮ್ಮಂಗ ಬರಿಯೋರು ನನಗ ಸಿಗವಲ್ಲರು" ಎಂದ.

"ನಿನಗ ಬರಿಯಾಕ ಕಲಿಸಿದವರೇ ನಾವಲ್ಲೇನೋ. ನೀನೇ ಬರಿ" ಎಂದೆ.

"ನೀವು ಕಲಿಸಿದ್ರಿ ಟೀಚರ್, ನಾ ಕಲೀಲಿಲ್ರಿ" ಎಂದ. ಈ ಉತ್ತರಕ್ಕೇ ಒಪ್ಪಿಬಿಟ್ಟೆ.

ಹಾಗೆ ಸೇಡಂನಿಂದ ವಾಡಿಗೆ ನನ್ನ ಓಡಾಟ ಶುರುವಾಯಿತು. ಕೋಣೆಯಲ್ಲಿ ವೀರೇಶ, ನಾನು, ನಾಲ್ಕಾರು ಹುಡುಗಿಯರು. ದಿನಾ ಬೆಳಿಗ್ಗೆ ಮೊದಲ ಕೆಲಸ, ಕೀಬೋರ್ಡಿನ ಮೇಲೆ ಕೂತ ಸಿಮೆಂಟಿನ ಧೂಳು ಒರೆಸುವುದು. ಎರಡನೆಯ ಕೆಲಸ ಬರೆಯುವುದು. ಮೂರನೆಯದು, ಬರೆದದ್ದನ್ನು ಪ್ರಕಟಿಸುವ ಮುಂಚೆ ತಪಾಸಣೆ ಮಾಡುವುದು. ಈ ಮೂರನೆಯದರಲ್ಲೇ ನನ್ನ ತಾಳ್ಮೆ ಮುಗಿಯುತ್ತಿತ್ತು.

ಆ ತಪಾಸಣೆಗೆ ಎಸ್‌ಇಓ ಎನ್ನುತ್ತಾರೆ. ಜನ ಫೋನಿನಲ್ಲಿ ಏನಾದರೂ ಹುಡುಕಿದಾಗ ನಮ್ಮ ಪುಟ ಎಲ್ಲಕ್ಕಿಂತ ಮೇಲೆ ಕಾಣಬೇಕು. ಹಾಗೆ ಕಾಣುವಂತೆ ಬರಹವನ್ನು ಮೊದಲೇ ಸಜ್ಜು ಮಾಡುವುದೇ ಎಸ್‌ಇಓ. ಮಂದಿ ಹೆಚ್ಚು ಹುಡುಕುವ ಮಾತಿಗೆ ಕೀವರ್ಡ್ ಎಂದು ಹೆಸರು. ಅದು ಶೀರ್ಷಿಕೆಯಲ್ಲಿ ಇರಬೇಕು, ಮೊದಲ ಪರಿಚ್ಛೇದದಲ್ಲಿ ಇರಬೇಕು, ಉಪಶೀರ್ಷಿಕೆಗಳಲ್ಲಿ ಇರಬೇಕು, ಚಿತ್ರಕ್ಕೆ ಕೊಡುವ ವಿವರಣೆಯಲ್ಲೂ ಇರಬೇಕು. ಪರದೆಯ ಮೂಲೆಯಲ್ಲಿ ಒಂದು ಚುಕ್ಕೆ. ಕೆಂಪಿದ್ದರೆ ಪುಟ ಹೊರಗೆ ಹೋಗುವಂತಿಲ್ಲ, ಹಳದಿ ಆದರೆ ಸ್ವಲ್ಪ ತಿದ್ದಬೇಕು, ಹಸಿರಾದರೆ ಪ್ರಕಟಿಸಬಹುದು. ಜೀವನವಿಡೀ ಮಕ್ಕಳ ಪ್ರಬಂಧಕ್ಕೆ ಅಂಕ ಹಾಕಿದ ನನಗೆ ಒಂದು ಚುಕ್ಕೆ ಅಂಕ ಹಾಕತೊಡಗಿತು. ಮೊದಲ ವಾರ ನನಗೆ ಸಿಕ್ಕಿದ್ದೆಲ್ಲ ಕೆಂಪು. ಮಂಡಿ ನೋವಿನ ಬಗ್ಗೆ ಚೆಂದವಾಗಿ ಬರೆದರೆ, ಮಂಡಿ ನೋವು ಎಂಬ ಮಾತು ಸಾಕಷ್ಟು ಸಲ ಬಂದಿಲ್ಲ ಎಂದು ಅದರ ತಕರಾರು. ಒಂದೇ ಮಾತು ಮತ್ತೆ ಮತ್ತೆ ಬಳಸಬೇಡಿ ಎಂದು ಕಲಿಸಿದವಳು ನಾನು. ಹುಡುಗಿಯರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು.

ಸೋಲುವುದು ನನಗೆ ಆಗದ ಮಾತು. ಆ ಚುಕ್ಕೆಯ ಗುಣ ಏನು, ಅವಗುಣ ಏನು, ಎಲ್ಲ ಕಲಿತೆ. ಮುಂಗಾರು ಹಿಡಿಯುವ ಹೊತ್ತಿಗೆ ನನ್ನ ಪುಟಗಳು ಒಂದೇ ಏಟಿಗೆ ಹಸಿರಾಗುತ್ತಿದ್ದವು. ಕೂದಲು ಉದುರುವುದು, ಬಾಯಿ ಹುಣ್ಣು, ಎದೆ ಉರಿ, ಎಲ್ಲದರ ಮೇಲೂ ಬರೆದೆ. ಕಿಟಕಿಯ ಹೊರಗೆ ಭಂಕೂರದ ಕಡೆಯಿಂದ ಪರಸಿ ತುಂಬಿದ ಲಾರಿಗಳು ಕೆಸರಲ್ಲಿ ನರಳುತ್ತಾ ಬರುತ್ತಿದ್ದವು, ಒಳಗೆ ನಾನು ಹೈದರಾಬಾದಿನ ಲೆಕ್ಕಕ್ಕೆ ಎದೆ ಉರಿ ತಣಿಸುತ್ತಿದ್ದೆ. ಕಂಪನಿಯ ಪರವಾಗಿ ನಮ್ಮ ಕೆಲಸ ನೋಡುತ್ತಿದ್ದ ಸಾಹೇಬರು ಬೀದರ ಕಡೆಯವರು, ಹೈದರಾಬಾದಿನಲ್ಲಿ ನೆಲೆಸಿದವರು. ಅವರಿಗೆ ನಾನೆಂದರೆ ಆಗ ಭಾಳ ಮೆಚ್ಚಿಗೆ.

ಆ ಮೆಚ್ಚಿಗೆ ಹಾವಿನ ಪುಟದವರೆಗೆ ಮಾತ್ರ ಬಾಳಿತು.

ಹಾವು ಕಚ್ಚಿದರೆ ಏನು ಮಾಡಬೇಕೆಂಬ ಪುಟವೊಂದು ಆ ಸೈಟಿನಲ್ಲಿ ಮೊದಲೇ ಇತ್ತು. ನಾನು ಸೇರುವುದಕ್ಕೆ ಮುಂಚೆ ಎಲ್ಲಿಯೋ ಯಾರೋ ಬರೆದದ್ದು, ಬರೆದವರ ಹೆಸರಿರಲಿಲ್ಲ. "ಹಾವು ಕಚ್ಚಿದರೆ ತಕ್ಷಣದ ಮನೆಮದ್ದು" ಎಂದು ಅದರ ಶೀರ್ಷಿಕೆ. ಕನ್ನಡದಲ್ಲಿ ಈ ಮಾತು ಹುಡುಕಿದರೆ ಎಲ್ಲಕ್ಕಿಂತ ಮೇಲೆ ಬರುತ್ತಿದ್ದ ಪುಟ ಇದೇ. ಒಳಗೆ ನೋಡಿದರೆ ಅದನ್ನು ಹಚ್ಚಿ, ಇದನ್ನು ಕುಡಿಸಿ, ಬಿಗಿಯಾಗಿ ಕಟ್ಟಿ ಎಂದು ಅಡುಗೆ ಹೇಳಿಕೊಟ್ಟ ಹಾಗೆ ಬರೆದಿತ್ತು. ಆಸ್ಪತ್ರೆ ಎಂಬ ಮಾತು ಕಟ್ಟಕಡೆಯ ಸಾಲಿನಲ್ಲಿ, ಅದೂ "ಗುಣ ಕಾಣದಿದ್ದರೆ" ಎಂಬ ಷರತ್ತಿನ ಮೇಲೆ. ಮಳೆಗಾಲ ಬಂತು, ಹುಡುಕುವವರು ಹೆಚ್ಚುತ್ತಾರೆ, ಪುಟವನ್ನು ಇನ್ನಷ್ಟು ಉದ್ದ ಮಾಡಿ, ಮನೆಮದ್ದು ಎಂಬ ಕೀವರ್ಡು ಇನ್ನಷ್ಟು ಸೇರಿಸಿ ಹೊಸದಾಗಿ ಪ್ರಕಟಿಸಿ ಎಂದು ಅಪ್ಪಣೆ ಬಂದಿತ್ತು.

ನಾನು ಓದಿ ಮುಗಿಸಿ ಎದ್ದು ನಿಂತೆ. ನನ್ನ ತವರು ಆಡಕಿ. ಅಕ್ಕ ಕಾಶೀಬಾಯಿಯನ್ನು ಅದೇ ಊರಲ್ಲಿ ಕೊಟ್ಟಿದೆ. ಮುಂಗಾರು ಶುರುವಾದರೆ ಅಕ್ಕ, ಅವಳ ಸೊಸೆ ಸವಿತಾ, ಓಣಿಯ ಹೆಣ್ಣುಮಕ್ಕಳೆಲ್ಲ ಬೆಳಗಿನಿಂದ ಸಂಜೆಯವರೆಗೆ ತೊಗರಿ, ಹೆಸರಿನ ಸಾಲುಗಳಲ್ಲಿ ಬಗ್ಗಿ ಕಳೆ ತೆಗೆಯುವವರು. ಗುಂಪಿನಲ್ಲಿ ದೊಡ್ಡ ಫೋನು ಇರುವುದು ಸವಿತಾಳ ಹತ್ತಿರ ಮಾತ್ರ. ಏನಾದರೂ ಆದರೆ ಆ ಫೋನಿನಲ್ಲಿ ಮೊದಲು ತೆರೆಯುವುದು ಈ ಪುಟ. ಇದು ಹೊಳೆದ ಮೇಲೆ ನನಗೆ ಕುರ್ಚಿಯಲ್ಲಿ ಕೂಡಲಾಗಲಿಲ್ಲ.

"ಇದನ್ನ ತೆಗದು ಹಾಕು ವೀರೇಶ."

ವೀರೇಶ ಬಾಗಿಲು ಸರಿಸಿ ಹತ್ತಿರ ಬಂದು ಕೂತ. "ತೆಗೀಬಹುದು ಟೀಚರ್. ಆದ್ರ ನಾವು ಜಾಗ ಬಿಟ್ರ ಅದು ಖಾಲಿ ಉಳೀತದೇನ್ರಿ? ಇಂಥಾದೇ ಇನ್ನೊಂದು ಸೈಟಿಂದು ಮ್ಯಾಲ ಬಂದು ಕುಂದರ್ತದ. ಅದ್ರಾಗ ಇದಕ್ಕಿಂತ ಖರಾಬ್ ಇರ್ತದ."

ಪ್ರಬಂಧ ಬರೆಯಲಾಗದ ಹುಡುಗ ಅಂದು ಸರಿಯಾದ ಮಾತು ಹೇಳಿದ. ಬೈದು ಬಿಟ್ಟು ಹೋದರೆ ಸತ್ಯ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಉಳಿಯುತ್ತದೆ, ಸುಳ್ಳು ಮೇಲೆ ಕೂತು ಹಸಿರಾಗಿರುತ್ತದೆ. ನಾನು ಆ ಜಾಗ ಬಿಡುವುದಿಲ್ಲ ಎಂದು ತೀರ್ಮಾನಿಸಿದೆ. ಅದೇ ಶೀರ್ಷಿಕೆಯ ಜಾಗ, ಅದೇ ಕೀವರ್ಡು, ಅದೇ ಹಸಿರು ಚುಕ್ಕೆ. ಒಳಗಿನ ಮಾತು ಮಾತ್ರ ನನ್ನದು.

ಸೈಟಿನಲ್ಲಿ ಪ್ರಶ್ನೆ ಕೇಳುವ ಒಂದು ಪೆಟ್ಟಿಗೆ ಇತ್ತು. ಬರೆದೂ ಕೇಳಬಹುದು, ಮೈಕು ಒತ್ತಿ ಬಾಯಲ್ಲೂ ಕೇಳಬಹುದು. ಯಾರು ಏನು ಕೇಳಿದರು ಎಂಬುದು ವೀರೇಶನಿಗೆ ಕಾಣುತ್ತಿತ್ತು, ಕೇಳಿದವರು ಯಾರೆಂದು ಮಾತ್ರ ಗೊತ್ತಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾವಿಬ್ಬರೂ ಕೂತು ಅದನ್ನೆಲ್ಲ ಓದಿದೆವು. ಬೆಂಗಳೂರು, ಮೈಸೂರಿನ ಕಡೆಯವರು ಮೂರು ಮಾತಿನಲ್ಲಿ ಕೇಳಿ ಮುಗಿಸುತ್ತಿದ್ದರು. ನಮ್ಮ ಕಡೆಯವರು ಹಾಗಲ್ಲ. ನಮ್ಮಲ್ಲಿ ಯಾರನ್ನಾದರೂ ಏನಾದರೂ ಕೇಳಬೇಕೆಂದರೆ ಮೊದಲು ಊರು ಹೇಳಬೇಕು, ಯಾರ ಪೈಕಿ ಎಂದು ಹೇಳಬೇಕು, ಆಮೇಲೆ ಕಷ್ಟ ಹೇಳಬೇಕು. ಫೋನಿನ ಮುಂದೆಯೂ ಅದೇ ಮರ್ಯಾದೆ. "ನಾವು ಚಂದಾಪುರದವರ್ರಿ, ನಮ್ಮ ಅಣ್ಣನ ಮಗಳಿಗಿ ಮೂರು ದಿನ ಆತು ಜ್ವರ ಅದಾವ್ರಿ" ಎಂದು ಯಾರೋ ಆ ಪೆಟ್ಟಿಗೆಗೆ ಬಿನ್ನಹ ಮಾಡಿಕೊಂಡಿದ್ದರು. ಓದಿ ನನ್ನ ಕಣ್ಣು ಒದ್ದೆಯಾಯಿತು. ಸಾಹೇಬರು ಇಂಥ ಪ್ರಶ್ನೆಗಳಿಗೆ ಕಸ ಎಂದು ಹೆಸರಿಟ್ಟಿದ್ದರು. ಇಷ್ಟುದ್ದದ ಮಾತು ಕೀವರ್ಡು ಆಗುವುದಿಲ್ಲವಂತೆ.

ಆದರೆ ಆ ರಾಶಿಯಲ್ಲಿ ನಮ್ಮ ಕಡೆಯವರು ಹಾವಿನ ಬಗ್ಗೆ ಕೇಳಿದ್ದು ಒಂದೂ ಸಿಗಲಿಲ್ಲ. ಇಷ್ಟು ಹಾವಿರುವ ಸೀಮೆಯಲ್ಲಿ ಅದು ಹೇಗೆ ಎಂದು ತಲೆ ಕೆಡಿಸಿಕೊಂಡೆ. ಅದನ್ನು ತಿಳಿಯಲು ಭಾನುವಾರ ಆಡಕಿಗೆ ಹೋದೆ.

ಮಳೆ ಬಿಡುವು ಕೊಟ್ಟಿತ್ತು. ಅಕ್ಕನ ಕಟ್ಟೆಯ ಮೇಲೆ ಕಳೆಯ ಗುಂಪಿನ ಹೆಣ್ಣುಮಕ್ಕಳೆಲ್ಲ ಕೂತಿದ್ದರು. ಸವಿತಾಳ ಫೋನು ತೆಗೆದುಕೊಂಡು ಮೈಕು ಒತ್ತಿ ಅಕ್ಕನ ಬಾಯಿಗೆ ಹಿಡಿದೆ.

"ಅಕ್ಕಾ, ಹೊಲ್ದಾಗ ಯಾರಿಗರ ಹಾವು ಕಚ್ಚ್ಯಾದ ಅಂತ ತಿಳಿ. ಈ ಫೋನಿಗಿ ಹೆಂಗ ಕೇಳ್ತಿ, ಕೇಳು."

ಅಕ್ಕ ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿದಳು. "ಹುಚ್ಚಿದ್ದೀ ಏನ ಮಾದೇವಿ? ಹೊತ್ತು ಮುಳುಗೋ ಟೈಮಿನಾಗ ಅದರ ಹೆಸರು ತಗೋಬ್ಯಾಡ."

"ಸುಮ್ಮ ಕೇಳಕ್ಕಾ. ಬರಿಯಾಕ ಬೇಕಾಗ್ಯಾದ."

"ಬರಿಯಾಕ ಬೇಕಾದ್ರ ಬ್ಯಾರೆದೇನರ ಬರಿ. ಆಗದಿದ್ದದ್ದು ಆಗ್ಯಾದ ಅಂತ ಸುಳ್ಳ ಸುಳ್ಳ ಯಾರರ ಅಂತಾರೇನ?"

ಉಳಿದವರನ್ನು ಕೇಳಿದೆ. ಒಬ್ಬಳು ನೀರು ತರುವ ನೆಪ ಮಾಡಿ ಎದ್ದಳು, ಇನ್ನೊಬ್ಬಳು ಮಗುವನ್ನು ಮಲಗಿಸಬೇಕೆಂದಳು. ಮಗು ಅವಳ ಮಡಿಲಲ್ಲಿ ಕಣ್ಣು ಬಿಟ್ಟುಕೊಂಡು ಆಡುತ್ತಿತ್ತು. ಹೆಸರೆತ್ತಿ ಕರೆದರೆ ಅದು ಬರುತ್ತದೆ ಎಂದು ನಾವೂ ಚಿಕ್ಕವರಿದ್ದಾಗ ನಂಬಿದ್ದೆವು. ಊರು ಬಿಟ್ಟು ನಾನು ಮರೆತಿದ್ದೆ, ಅವರು ಮರೆತಿರಲಿಲ್ಲ. ಸಾಹೇಬರು ಹೆಮ್ಮೆಯಿಂದ ಕೊಟ್ಟ ಕೀವರ್ಡನ್ನು ಈ ಕಟ್ಟೆಯ ಮೇಲೆ ಒಬ್ಬರೂ ಬಾಯಿಬಿಟ್ಟು ಹೇಳಲು ತಯಾರಿರಲಿಲ್ಲ.

ಕಡೆಗೆ ಸವಿತಾ ನನ್ನನ್ನು ಒಳಗೆ ಕರೆದು ಮೆಲ್ಲಗೆ ಹೇಳಿದಳು. "ಸಣ್ಣತ್ತಿ, ಖರೇನೇ ಆದ್ರೂ ನಾವು ಹಂಗ ಅನ್ನಂಗಿಲ್ರಿ. ಹುಳ ಮುಟ್ಟ್ಯಾದ ಅಂತೀವ್ರಿ."

"ಆಮ್ಯಾಲ ಏನ್ ಮಾಡ್ತೀರವ್ವ?"

"ಮೊದಲ ಹನುಮಪ್ಪನ ಗುಡಿಗಿ ಒಯ್ತಾರ್ರಿ. ಅಲ್ಲಿ ಕುಂದರಸ್ತಾರ. ಆಮ್ಯಾಲ ಯಾರರ ಏನರ ಹೇಳಿದ್ರ ಅದನ್ನ ಹಚ್ತಾರ. ಈಗ ಈ ಫೋನಿನಾಗೂ ನೋಡ್ತಾರ."

ಕತ್ತಲಾಗುವುದಕ್ಕೆ ಮುಂಚೆ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಅದೇ ಯೋಚನೆ. ಆ ಪೆಟ್ಟಿಗೆಯಲ್ಲಿ ನಾವು ಹಾವನ್ನು ಹುಡುಕಿದ್ದೆವು. ಮರುದಿನ "ಮುಟ್ಟ್ಯಾದ" ಎಂದು ಹುಡುಕಿದಾಗ ಸಾಲು ಸಾಲಾಗಿ ಬಂದವು. ಊರು, ಸಂಬಂಧ, ಕಷ್ಟ, ಕೊನೆಗೆ "ಏನ್ ಮಾಡಬೇಕ್ರಿ". ಅವರಿಗೆ ಸೈಟು ತೋರಿಸಿದ ಪುಟಗಳಿಗೂ ಅವರ ಕಷ್ಟಕ್ಕೂ ಸಂಬಂಧವೇ ಇರಲಿಲ್ಲ. ಅಷ್ಟು ಮರ್ಯಾದೆಯಿಂದ ಕೇಳಿದವರಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ಬರೆಯುವುದಕ್ಕೆ ಮುಂಚೆ ಇನ್ನೊಂದು ಕೆಲಸ ಇತ್ತು. ದವಾಖಾನೆಗೆ ಹೋಗಿ ಎಂದು ಬರೆದು, ಅಲ್ಲಿ ಮದ್ದೇ ಇಲ್ಲದಿದ್ದರೆ ನನ್ನ ಪುಟವೂ ಆ ಹಳೆಯ ಪುಟದ ತಂಗಿಯೇ ಆಗುತ್ತಿತ್ತು. ಬಿಡುವಾದಾಗಲೆಲ್ಲ ಒಂದೊಂದು ಊರಿಗೆ ಹೋದೆ. ಸೇಡಂ, ಚಿತ್ತಾಪುರ, ಶಹಾಬಾದ, ಕಡೆಗೆ ಚಿಂಚೋಳಿ. ಚಿಂಚೋಳಿಯ ದಾರಿಯಲ್ಲಿ ಮಳೆ ಹಿಡಿದು ಬಸ್ಸಿನ ಮೇಲ್ಛಾವಣಿಯಿಂದ ನನ್ನ ತಲೆಯ ಮೇಲೇ ಸೋರಿತು. ಎಲ್ಲ ಕಡೆ ಸರ್ಕಾರಿ ದವಾಖಾನೆಯ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು: ಹಾವಿನ ವಿಷದ ಇಂಜೆಕ್ಷನ್ ಇದೆಯೇ?

"ಯಾರಿಗಿ ಕಚ್ಚ್ಯಾದ್ರಿ? ಗಾಡ್ಯಾಗ ಅದಾರೇನು?" ಎಂದು ಚಿಂಚೋಳಿಯ ನರ್ಸಮ್ಮ ಎದ್ದೇ ಬಿಟ್ಟರು.

"ಯಾರಿಗೂ ಇಲ್ರಿ ಅಕ್ಕಾರ. ಬರಿಯಾಕತ್ತೀನಿ. ಇಲ್ಲದ್ದು ಅದ ಅಂತ ಬರಿಬಾರದಂತ ನೋಡಾಕ ಬಂದೀನಿ."

ಆಕೆ ನನ್ನ ಒದ್ದೆ ಸೀರೆ ನೋಡಿದರು, ಒಳಗೆ ಕರೆದೊಯ್ದು ಫ್ರಿಜ್ಜಿನ ಬಾಗಿಲು ತೆರೆದು ಇಂಜೆಕ್ಷನ್ ತೋರಿಸಿದರು. ಉಳಿದ ಮೂರು ಕಡೆಯೂ ಇದೆ ಎಂದಿದ್ದರು. ಅಲ್ಲಿದ್ದ ಡಾಕ್ಟರು ನನ್ನ ಕರಡನ್ನು ನಿಂತುಕೊಂಡೇ ಓದಿ ಎರಡು ಕಡೆ ತಿದ್ದಿ ಕೊಟ್ಟರು. ಅವಸರದಲ್ಲಿ ಗಾಯ ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿದು ಕಟ್ಟಬಾರದು, ಕಚ್ಚಿದ ಕೈಕಾಲು ಅಲುಗಿಸದೆ ಕರೆದುಕೊಂಡು ಬರಬೇಕು. ಇಷ್ಟನ್ನು ಸಣ್ಣ ಸಣ್ಣ ವಾಕ್ಯದಲ್ಲಿ ಬರೆಯಿರಿ ಎಂದರು. ನಾನು ಹಾಗೇ ಮಾಡಿದೆ.

ಶೀರ್ಷಿಕೆಗೆ ಮಾತ್ರ ನಾನು ಯಾರ ಸಲಹೆಯೂ ಕೇಳಲಿಲ್ಲ. "ಹಾವು ಕಚ್ಚಿದರೆ ಮನೆಮದ್ದು ಇಲ್ಲ, ದವಾಖಾನೆ ಒಂದೇ" ಎಂದು ಹಾಕಿದೆ. ಚುಕ್ಕೆಗೆ ಬೇಕಾದದ್ದು ಮನೆಮದ್ದು ಎಂಬ ಮಾತು. ಅದರ ಮುಂದೆ ಇದೆ ಎಂದು ಬರೆದರೂ ಇಲ್ಲ ಎಂದು ಬರೆದರೂ ಅದಕ್ಕೆ ಅಷ್ಟೇ. ಉಪಶೀರ್ಷಿಕೆಗಳಲ್ಲೂ ಹಾಗೇ ಮಾಡಿದೆ. ಹಚ್ಚುವ ಮನೆಮದ್ದು ಇಲ್ಲ, ಕುಡಿಸುವ ಮನೆಮದ್ದು ಇಲ್ಲ, ಕಟ್ಟುವ ಮನೆಮದ್ದು ಇಲ್ಲ. ಚುಕ್ಕೆ ಸಂತೋಷದಿಂದ ಹಸಿರಾಯಿತು. ವೀರೇಶ ಹೊಟ್ಟೆ ಹಿಡಿದುಕೊಂಡು ನಕ್ಕ.

ಮೊದಲ ಸಾಲನ್ನು ಮಾತ್ರ ಆಡಕಿಯ ಕಟ್ಟೆಯವರಿಗಾಗಿ, ಅವರ ಮಾತಿನಲ್ಲೇ ಇಟ್ಟೆ. "ಹುಳ ಮುಟ್ಟ್ಯಾದೇನ್ರಿ? ಇದನ್ನ ಓದಕೋತ ಕುಂದ್ರಬ್ಯಾಡ್ರಿ, ಹನುಮಪ್ಪಗ ಇಲ್ಲಿಂದಲೇ ಕೈ ಮುಗದು ಸರ್ಕಾರಿ ದವಾಖಾನಿಗಿ ನಡೀರಿ, ಅಲ್ಲಿ ಇಂಜೆಕ್ಷನ್ ಅದ, ರೊಕ್ಕ ಕೇಳಂಗಿಲ್ಲ." ಅದರ ಕೆಳಗೆ ಯಾವ ಊರಿನವರು ಎಲ್ಲಿಗೆ ಹೋಗಬೇಕೆಂದು ಬರೆದೆ. ಆಡಕಿಯವರು ಸೇಡಂಗೆ, ಚಂದಾಪುರದವರು ಚಿಂಚೋಳಿಗೆ, ಭಂಕೂರದವರು ಶಹಾಬಾದಕ್ಕೆ, ವಾಡಿಯವರು ಚಿತ್ತಾಪುರಕ್ಕೆ. ಜನ ಊರ ಹೆಸರು ಹೇಳಿ ಕೇಳುತ್ತಾರೆ, ಆದ್ದರಿಂದ ಉತ್ತರದಲ್ಲೂ ಊರ ಹೆಸರು ಇರಬೇಕು. ಬೇರೆ ಸೀಮೆಯವರಿಗೆ ಕೊನೆಯಲ್ಲಿ ಅವರವರ ತಾಲ್ಲೂಕು ದವಾಖಾನೆ ಎಂದು ಸೇರಿಸಿದೆ.

ಸಾಹೇಬರ ಫೋನು ಬಂತು. ವೀರೇಶ ಸ್ಪೀಕರ್ ಹಾಕಿ ಮೇಜಿನ ನಡುವೆ ಇಟ್ಟ.

"ಮೇಡಂ, ಇದೇನ್ರಿ ಇದು? ಈ ಹಳ್ಳಿ ಹೆಸರು ಯಾರು ಸರ್ಚ್ ಮಾಡ್ತಾರ? ಝೀರೋ ಅದ. ಟೂಲಿನಾಗ ನೋಡ್ರಿ, ಝೀರೋ."

"ಟೂಲಿನಾಗ ಝೀರೋ ಅದ್ರಿ. ಊರಾಗ ಮಂದಿ ಅದಾರ್ರಿ."

"ಮತ್ತ ಸರ್ಕಾರಿ ದವಾಖಾನಿ ಯಾಕ ಬೇಕಿತ್ರಿ? ನಮಗ ಜಾಹೀರಾತು ಕೊಡೋರು ಹೈದರಾಬಾದಿನ ಪ್ರೈವೇಟ್ ಆಸ್ಪತ್ರೆಯವ್ರು. ಅವರ ಹೆಸರು ಹಾಕ್ರಿ ಮೊದಲ್ನೇ ಸಾಲಿನಾಗ."

"ಚಿಂಚೋಳಿಯಿಂದ ಹೈದರಾಬಾದಿಗಿ ಮುಟ್ಟೋತನಕ ವಿಷ ಕಾಯ್ತದೇನ್ರಿ ಸಾಹೇಬ್ರ?"

ಅವರು ಧ್ವನಿ ಗಡಸು ಮಾಡಿದರು. "ನೋಡ್ರಿ, ಹಳೇ ಪುಟಾನೇ ಇರ್ಲಿ. ಸ್ವಲ್ಪ ಉದ್ದ ಮಾಡಿ ಕೊಡ್ರಿ, ಸಾಕು. ಇಲ್ಲಂದ್ರ ಈ ಕೆಲಸ ಬ್ಯಾರೆದವರಿಗಿ ಕೊಡ್ತೀವಿ. ವೀರೇಶ, ಕೇಳಾಕತ್ತಿ ಏನು?"

"ಕೇಳಾಕತ್ತೀನ್ರಿ" ಎಂದ ವೀರೇಶ. ಆ ಕಂಪನಿಯ ಕೆಲಸವೇ ಆ ಕೋಣೆಯಲ್ಲಿದ್ದವರೆಲ್ಲರ ಅನ್ನ. ಹುಡುಗಿಯರು ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. ನನಗೂ ಹೆದರಿಕೆ ಆಗದೆ ಇರಲಿಲ್ಲ. ಆದರೆ ತರಗತಿಯಲ್ಲಿ ತಪ್ಪು ಉತ್ತರಕ್ಕೆ ಎಷ್ಟು ಚೆಂದದ ಅಕ್ಷರ ಇದ್ದರೂ ನಾನು ಸರಿ ಎಂದು ಗುರುತು ಹಾಕಿದವಳಲ್ಲ. ಅಷ್ಟು ವರ್ಷ ಹಾಕದ್ದನ್ನು ಈಗ ವಾಡಿಯ ಮಹಡಿಯ ಮೇಲೆ ಹಾಕುವುದೇ?

ಅವರು ಕಲಿಸಿದ ಎಸ್‌ಇಓ ಆಗ ನನ್ನ ಕೈ ಹಿಡಿಯಿತು. ಅವರ ತಪಾಸಣೆಯ ಕೊನೆಯಲ್ಲಿ ಒಂದು ನಿಯಮವಿತ್ತು: ಆರೋಗ್ಯದ ಪುಟಕ್ಕೆ ಜವಾಬ್ದಾರರ ಹೆಸರು, ಊರು ಇರಬೇಕು, ಇದ್ದರೆ ಹುಡುಕುವ ಯಂತ್ರ ಆ ಪುಟವನ್ನು ಹೆಚ್ಚು ನಂಬುತ್ತದೆ. ಯಾರೂ ಅದನ್ನು ತುಂಬುತ್ತಿರಲಿಲ್ಲ.

"ಆಯ್ತ್ರಿ ಸಾಹೇಬ್ರ, ಹಳೇ ಪುಟ ಉದ್ದ ಮಾಡಿ ಕೊಡ್ತೀನಿ" ಎಂದೆ. "ಆದ್ರ ಅದಕ್ಕ ಹೆಸರಿಲ್ಲ. ನಿಮ್ಮ ನಿಯಮ ಪ್ರಕಾರ ಹೆಸರು ಬೇಕು. ನಿಮ್ಮದೇ ಹಾಕ್ತೀನ್ರಿ. ಬೀದರದಾಗ ನಿಮ್ಮ ಓಣಿ ಯಾವುದು ಹೇಳ್ರಿ, ಅದನ್ನೂ ಬರೀತೀನಿ. ನಾಳೆ ಯಾರಿಗರ ಏನರ ಆದ್ರ ಮಂದಿಗಿ ಬಂದು ಕೇಳಾಕ ಒಂದು ಮನಿ ಬೇಕಲ್ರಿ."

ಓಣಿಯ ಹೆಸರು ಬರೆದುಕೊಳ್ಳಲು ಪೆನ್ನು ತೆಗೆದೆ.

"ನಿಮ್ಮದು ಬ್ಯಾಡಂದ್ರ ನನ್ನ ಹೆಸರು ಹಾಕ್ತೀನಿ. ಮಹಾದೇವಿ, ಕನ್ನಡ ಟೀಚರ್, ಸೇಡಂ. ನನಗೇನೂ ನಾಚಿಕಿ ಇಲ್ಲ. ಆದ್ರ ನನ್ನ ಹೆಸರು ಇರೋ ಪುಟದಾಗ ನಾ ಬರದದ್ದೇ ಇರ್ತದ. ಎರಡರಾಗ ಯಾವುದು ಹೇಳ್ರಿ."

ಹೊರಗೆ ಗೂಡ್ಸ್ ಗಾಡಿಯೊಂದು ಉದ್ದಕ್ಕೆ ಹೋಯಿತು. "ನಿಮ್ಮದೇ ಹಾಕ್ರಿ" ಎಂದರು ಕೊನೆಗೆ. "ಮಳೆಗಾಲ ಮುಗಿಯೋತನಕ ನೋಡ್ತೀನಿ. ನೋಡೋ ಮಂದಿ ನಂಬರು ಬಿದ್ರ ಹಳೇ ಪುಟ ಹಾಕಸ್ತೀನಿ. ಆಮ್ಯಾಲ ನೀವು ಮಾತಾಡಂಗಿಲ್ಲ."

ವೀರೇಶ ಕೈ ಒರೆಸಿಕೊಂಡು ಗುಂ‍ಡಿ ಒತ್ತಿದ. ಪುಟ ಹೊರಗೆ ಹೋಯಿತು. ಹುಡುಗಿಯೊಬ್ಬಳು ಎಲ್ಲರಿಗೂ ಚಾ ತರಿಸಿದಳು.

ಆಮೇಲಿನ ವಾರಗಳಲ್ಲಿ ನಾನು ದಿನಾ ಬೆಳಿಗ್ಗೆ ಧೂಳು ಒರೆಸುವುದಕ್ಕೆ ಮುಂಚೆ ಪುಟ ಎಲ್ಲಿದೆ ಎಂದು ನೋಡುತ್ತಿದ್ದೆ. ಮೊದಲು ಕೆಳಗೆ ಜಾರಿತು. ನನಗೆ ಅನ್ನ ಸೇರಲಿಲ್ಲ. "ಊರ ಉಸಾಬರಿ ನಿನಗ್ಯಾಕ" ಎಂದರು ನಮ್ಮ ಮನೆಯವರು. ಊಟ ಬಡಿಸುವ ಸೌಟು ನನ್ನ ಕೈಯಲ್ಲಿದ್ದುದರಿಂದ ಮುಂದೆ ಹೇಳಲಿಲ್ಲ. ಚಿತ್ರ ಹಗುರ ಮಾಡಿದೆವು, ಕಡಿಮೆ ನೆಟ್‌ವರ್ಕಿನಲ್ಲೂ ತೆರೆಯುವಂತೆ ಮಾಡಿದೆವು, ಸೈಟಿನ ಬೇರೆ ಪುಟಗಳಿಂದ ಇದಕ್ಕೆ ದಾರಿ ಕೊಟ್ಟೆವು. ಜನ ಕೇಳಿದ ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಉಪಶೀರ್ಷಿಕೆ ಮಾಡಿ ಸೇರಿಸಿದೆ. ಪುಟ ಮೆಲ್ಲಗೆ ಏರಿತು. ಹೆಸರಿನ ಬೆಳೆ ಮಾಗುವ ಹೊತ್ತಿಗೆ ಅದು ಮತ್ತೆ ತನ್ನ ಹಳೆಯ ಜಾಗಕ್ಕೆ ಬಂದು ಕೂತಿತು. ನಾನು ಯಾರಿಗೂ ಹೇಳದೆ ಸ್ಟೇಷನ್ನಿನ ಮುಂದಿನ ಅಂಗಡಿಯಿಂದ ಪೇಢೆ ತಂದು ಹಂಚಿದೆ.

ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ ಸೇಡಂನ ದವಾಖಾನೆಯಿಂದ ಸವಿತಾಳ ಫೋನು ಬಂತು. ಹೆಸರುಕಾಯಿ ಬಿಡಿಸುವಾಗ ಅಕ್ಕನ ಕಾಲಿಗೆ ಹುಳ ಮುಟ್ಟಿತ್ತು. ನಾನು ಸಿಕ್ಕ ಗಾಡಿ ಹತ್ತಿ ಓಡಿದೆ. ಹೋಗುವ ಹೊತ್ತಿಗೆ ಇಂಜೆಕ್ಷನ್ ಹಾಕಿ ಸಲಾಯಿನ್ ಹಚ್ಚಿದ್ದರು. ಕಾಲು ಬಾತುಕೊಂಡಿತ್ತು, ಹಣೆಯ ವಿಭೂತಿ ಬೆವರಿಗೆ ಅಳಿಸಿತ್ತು, ಕಣ್ಣು ಮಾತ್ರ ನನ್ನನ್ನು ಗುರುತಿಸಿತು. ನಾನು ಹೊರಗೆ ಬಂದು ಗೋಡೆ ಹಿಡಿದು ಅತ್ತೆ. ಇಂಥ ಅಳು ನನಗೆ ಯಾವತ್ತೂ ಬಂದಿರಲಿಲ್ಲ.

"ಹೆಂಗ ತಂದ್ರವ್ವ ಇಷ್ಟು ಲಗೂ?" ಎಂದು ಸವಿತಾಳನ್ನು ಕೇಳಿದೆ.

"ಎಲ್ಲರೂ ಗುಡಿಗಿ ಒಯ್ಯಾಕ ಹತ್ತಿದ್ರಿ ಸಣ್ಣತ್ತಿ. ನಾ ಫೋನಿನಾಗ ಕೇಳ್ದೆ. ನಾವು ಆಡಕಿಯವರ್ರಿ, ನಮ್ಮ ಅತ್ತಿಗಿ ಹುಳ ಮುಟ್ಟ್ಯಾದ್ರಿ, ಏನ್ ಮಾಡಬೇಕ್ರಿ ಅಂದೆ. ನಡೀರಿ ಅಂತ ಬಂತು. ಎಲ್ಲರಿಗೂ ಕೇಳೋಹಂಗ ಓದಿದೆ. ಮೋಟರ್ ಸೈಕಲ್ ಮ್ಯಾಲ ನಡುವ ಕುಂದರಿಸ್ಕೊಂಡು ಬಂದ್ವಿ."

"ಕೆಳಗ ನನ್ನ ಹೆಸರು ಇತ್ತಲ್ಲ, ನೋಡ್ಲಿಲ್ಲೇನ?"

"ಇಲ್ರಿ. ಕೆಳಗ ಎಲ್ಲಿ ಓದಾಕ ಹೋಗ್ಲಿ. ಒಂದೇ ಸಾಲು ಓದೀನಿ."

ಅಕ್ಕ ಎದ್ದು ಓಡಾಡುವಂತಾದ ಮೇಲೆ, ಮಳೆ ಹಿಂದೆಗೆಯುವ ಹೊತ್ತಿಗೆ ಸಾಹೇಬರು ಮತ್ತೆ ಫೋನು ಮಾಡಿದರು. ಈ ಸಲ ಧ್ವನಿಯಲ್ಲಿ ಗೆದ್ದವರ ಗತ್ತು ಇತ್ತು.

"ಮೇಡಂ, ಮಂದಿ ಬರಾಕತ್ತಾರ, ಅದು ಖರೇ. ಆದ್ರ ಒಬ್ಬರೂ ನಿಲ್ಲವಲ್ಲರು. ರಿಪೋರ್ಟ್ ಪೂರಾ ಕೆಂಪದ. ಹಳೇ ಪುಟದಾಗ ಕುಂತು ಓದ್ತಿದ್ರು, ಜಾಹೀರಾತು ನೋಡ್ತಿದ್ರು. ನಿಮ್ಮ ಪುಟದಾಗ ಮೊದಲ್ನೇ ಸಾಲು ಓದಿ ಹೊಂಟು ಹೋಗ್ತಾರ. ಇದು ಫೇಲ್ ಆದ ಪುಟ. ಹಳೇದು ಹಾಕಸ್ತೀನಿ."

"ಹೊಂಟು ಎಲ್ಲಿಗಿ ಹೋಗ್ತಾರ ಅಂತ ನಿಮ್ಮ ರಿಪೋರ್ಟಿನಾಗ ಅದೇನ್ರಿ?"

"ಅದು ನಮಗ ಹೆಂಗ ಗೊತ್ತಾಗಬೇಕ್ರಿ?"

"ನನಗ ಗೊತ್ತದ್ರಿ. ನಮ್ಮ ಅಕ್ಕನ ಕಡೆಯವ್ರೂ ಆ ಪುಟದಾಗ ನಿಲ್ಲಲಿಲ್ಲ ಸಾಹೇಬ್ರ. ಒಂದು ಸಾಲು ಓದಿ ಹೊಂಟ್ರು. ಅದಕ್ಕೇ ಅಕಿ ಇವತ್ತು ಕುಂತು ರೊಟ್ಟಿ ಬಡಿಯಾಕತ್ತಾಳ. ಕೆಂಪಿದ್ರ ಕೆಂಪೇ ಇರ್ಲಿ. ಆ ಪುಟ ನಾ ಬರದದ್ದು ನಿಲ್ಲಾಕಲ್ರಿ, ಎದ್ದು ಹೋಗಾಕ."

"ಇರ್ಲಿ ಬಿಡ್ರಿ" ಎಂದು ಸಾಹೇಬರು ಫೋನು ಇಟ್ಟರು. ಹಳೆಯ ಪುಟ ತಿರುಗಿ ಬರಲಿಲ್ಲ.